ಬೇವಿನ ಮರದ ಸಾಲು

“ಗುದ್ದಲಿ ಕೆಳಗಿಡೋ!”

ದಾದಾಪೀರ್ ಸಾಹೇಬರ ಕೂಗು ಹರಿಹರದ ಖಬರಸ್ತಾನದ ಗೇಟಿನಿಂದಲೇ ಕೇಳಿಸಿತು. ಸೈದಾಲಿ ಗುದ್ದಲಿ ಇಡಲಿಲ್ಲ. ಬೇವಿನ ಮರದ ಕೆಳಗಿನ ಗುಂಡಿ ಆಗಲೇ ಅವನ ಸೊಂಟ ಮುಟ್ಟಿತ್ತು. ಪಕ್ಕದಲ್ಲಿ ಕಫನ್ ಸುತ್ತಿದ ಹೆಣ, ಅದರ ಸುತ್ತ ಅವನ ಸೇವಾ ತಂಡದ ಹುಡುಗರು.

ಸಾಹೇಬರು ಮಸೀದಿ ಕಮಿಟಿಯ ಅಧ್ಯಕ್ಷರು. ಬೇವಿನ ಮರದಡಿಯ ಗೋರಿಗಳ ಸಾಲಿನಲ್ಲಿ ಮಲಗಿದ್ದವರೆಲ್ಲ ಅವರ ಮನೆತನದವರೇ. ಸೈದಾಲಿಯ ಅಪ್ಪನೋ ಕಾರ್ಖಾನೆ ಕೆಲಸಕ್ಕೆಂದು ಮಲಬಾರಿನಿಂದ ಬಂದವನು. ತೊಂಬತ್ತಾರನೇ ಇಸವಿಯಲ್ಲಿ ಅಪ್ಪ ಸತ್ತಾಗ ಇದೇ ಸಾಹೇಬರು ‘ಹೊರಗಿನವರು’ ಎಂದು ಚರಂಡಿ ಪಕ್ಕದ ಮೂಲೆ ತೋರಿಸಿದ್ದರು. ಆ ಸಂಕಟ ಸೈದಾಲಿಯ ಎದೆಯಲ್ಲಿ ಇನ್ನೂ ಆರಿರಲಿಲ್ಲ. ಅಂದಿನಿಂದ ಅವನು ತನ್ನಂಥದೇ ಮನೆಗಳ ಹುಡುಗರನ್ನು ಕಟ್ಟಿಕೊಂಡು, ದಾವಣಗೆರೆಯ ಆಸ್ಪತ್ರೆಯಲ್ಲಿ ದಿಕ್ಕಿಲ್ಲದವರಿಗೆ ಗಂಜಿ ಕುಡಿಸುತ್ತಿದ್ದ. ಸತ್ತರೆ ಮೀಯಿಸಿ ಮಣ್ಣು ಮಾಡುತ್ತಿದ್ದ. ಅಲ್ಲಾಹನ ಕೆಲಸಕ್ಕೆ ಯಾವ ಕಮಿಟಿಯ ಅಪ್ಪಣೆಯೂ ಬೇಕಿಲ್ಲ ಎನ್ನುವುದು ಅವನ ಹಟ.

“ಯಾವೂರ ಹೆಣ ಇದು? ಮಲಬಾರಿಂದಾ?”

“ಕೊನೇತನಕ ನಾವೇ ನೋಡ್ಕೊಂಡ್ವಿ. ನಮ್ಮೋರೇ ಅಂತ ತಿಳ್ಕಳ್ರಿ.”

“ನಿಮ್ಮೋರಿಗೆ ಆ ಮೂಲೆ ಐತೆ. ಇಲ್ಲಿ ಬ್ಯಾಡ.”

ಹೆಣ ತಂದಿದ್ದ ಟೆಂಪೋ ಡ್ರೈವರ್ ಕರಿಯಣ್ಣನಿಗೆ ತಡೆಯಲಾಗಲಿಲ್ಲ. “ಯಾಕ್ರಿ ಸಾಹೇಬ್ರೆ, ಸತ್ತೋರಿಗೂ ಯಾವೂರು ಅಂತ ಕೇಳ್ತೀರಾ?”

ಸತ್ತವನ ಹೆಸರು ಸೈದಾಲಿಗೆ ಗೊತ್ತಿತ್ತು. ಕೇಳಿದ್ದರೆ ಹೇಳಿಬಿಡುತ್ತಿದ್ದ. ಸಾಹೇಬರು ಊರು ಕೇಳಿದರು, ಹೆಸರು ಕೇಳಲಿಲ್ಲ.

“ಇದು ನಮ್ಮ ಅಪ್ಪನ ಗೋರಿ,” ಸಾಹೇಬರು ಪಕ್ಕದ ಕಲ್ಲಿಗೆ ಕೋಲು ಕುಟ್ಟಿದರು. “ಇದರ ಮಗ್ಗುಲಲ್ಲಿ ಅವರ ಮಕ್ಕಳಿಗಷ್ಟೇ ಜಾಗ!”

ಸೈದಾಲಿ ತಲೆಯೆತ್ತಿ ನೋಡಿದ. ಜನ ಸೇರಿದ್ದರು. ಕಮಿಟಿಯವರೂ ಬಂದು ನಿಂತಿದ್ದರು.

“ಅವರ ಮಕ್ಕಳಾದ್ರೆ ಯಾರೂ ತಡಿಯೋ ಹಂಗಿಲ್ಲ, ಅಲ್ವಾ?”

“ತಡಿಯೋಕೆ ಯಾವನಿಗೈತೆ ಹಕ್ಕು?”

“ಎಲ್ರಿಗೂ ಕೇಳೋ ಹಂಗೆ ಇನ್ನೊಂದ್ಸಲ ಹೇಳ್ರಿ.”

ಸಾಹೇಬರು ಗಂಟಲು ಹರಿಯುವಂತೆ ಹೇಳಿದರು. ಕಮಿಟಿಯವರು ಹೌದೆಂದು ತಲೆಯಾಡಿಸಿದರು. ಸೈದಾಲಿ ಗುಂಡಿಯಿಂದ ಮೇಲೆ ಬಂದು, ಕೈ ಒರೆಸಿಕೊಂಡು, ಹೆಣದ ಮುಖದ ಮೇಲಿನ ಬಟ್ಟೆ ಸರಿಸಿದ.

“ಹಂಗಾದ್ರೆ ಬರ್ರಿ, ಮೊದಲ ಹಿಡಿ ಮಣ್ಣು ನೀವೇ ಹಾಕ್ಬೇಕು. ಮನೆಯಿಂದ ಓಡಿಸಿದ್ರಲ್ಲ, ನಿಮ್ಮ ತಮ್ಮ ಮಕ್ಬೂಲ್.”