ಕರ್ಪೂರ ಆರಿಸಿದ ಊರು

“ಲೇ ಎಂಪಿ ಸಾಹೇಬ, ಒಸಿ ಪಕ್ಕಕ್ಕೆ ನಿಂತ್ಕೊಳ್ಲಾ. ಊರ ಬೂತಲ್ಲಿ ಒಂದೇ ಒಂದು ಓಟು ತಗೊಂಡೋನ್ಗೆ ಇಷ್ಟು ಜಾಗ ಯಾಕೆ?”

ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದ ಸಾಲು ಗೊಳ್ಳೆಂದಿತು. ಹೇಳಿದವನು ನರಸಯ್ಯ. ಡೈರಿಯ ಕಾರ್ಯದರ್ಶಿ, ಗೆದ್ದ ಪಕ್ಷದ ಬೂತ್ ಏಜೆಂಟ್. ನಗು ನಿಲ್ಲಲು ಬಿಡದೆ ಇನ್ನೊಂದು ಸೇರಿಸಿದ. “ಹೆತ್ತವ್ವ ಹಾಕ್ನಿಲ್ಲ, ಕಟ್ಕೊಂಡೋಳು ಹಾಕ್ನಿಲ್ಲ. ಪಾಪ, ತನ್ನ ಓಟು ತಾನೇ ಒತ್ಕೊಂಡು ಬಂದವ್ನೆ.”

ಚಿಕ್ಕರಾಜುವಿನ ಕಿವಿ ಕೆಂಪಾಯಿತು. ಬೇರೆ ದಿನವಾಗಿದ್ದರೆ ನುಂಗಿಕೊಳ್ಳುತ್ತಿದ್ದನೋ ಏನೋ. ಇವತ್ತು ಅವನ ಹಿಂದೆ ಗೆಳೆಯ ಶೋಯೆಬ್ ನಿಂತಿದ್ದ. ಕನಕಪುರದಿಂದ, ಮಾಗಡಿಯಿಂದ ಬೈಕು ಹತ್ತಿ ಬಂದ ಹುಡುಗರು ನಿಂತಿದ್ದರು. ಜಿಲ್ಲಾ ಪಂಚಾಯಿತಿಗೆ ನೀನೇ ನಿಲ್ಲಬೇಕು ಎಂದು ಕೇಳಲು ಬಂದವರು. ಮನೆಯವರೇ ನಂಬದವನನ್ನು ನಾವ್ಯಾಕೆ ನಂಬಬೇಕು ಎಂದು ಅವರು ಬೈಕು ತಿರುಗಿಸಿದರೆ ಅಲ್ಲಿಗೆ ಅವನ ರಾಜಕೀಯ ಮುಗಿಯಿತು.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ರಾಮನಗರದಲ್ಲಿ ರೇಷ್ಮೆಗೂಡು ಬೇಯುವ ನೀರಿನಲ್ಲಿ ಬೆರಳು ಬೇಯಿಸಿಕೊಂಡವನು. ಶೋಯೆಬನ ಆಟೋ, ಒಂದು ಮೈಕು, ಹೊಟ್ಟೆ ತುಂಬ ಸಿಟ್ಟು ಇಟ್ಟುಕೊಂಡು ಲೋಕಸಭೆಗೆ ಪಕ್ಷೇತರನಾಗಿ ನಿಂತಿದ್ದ. ಆ ಸಿಟ್ಟೆಲ್ಲ ಊರಿನ ಆಣೆಯ ಮೇಲೆ. ಮತದಾನಕ್ಕೆ ಮುಂಚೆ ಯಜಮಾನ ಬೋರಲಿಂಗಯ್ಯ ಮಾರಮ್ಮನ ತಟ್ಟೆ ಹಿಡಿದು ಮನೆಮನೆಗೂ ಬರುತ್ತಾನೆ. ಮನೆಗೊಬ್ಬರು ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿ, ಯಜಮಾನ ಹೇಳಿದ ಗುರುತಿಗೇ ಮನೆಯ ಓಟೆಲ್ಲ ಎಂದು ಮಾತು ಕೊಡಬೇಕು. ತಪ್ಪಿದರೆ ಆ ಮನೆಯ ಗಂಡುಮಗ ಉಳಿಯುವುದಿಲ್ಲ.

“ಕರ್ಪೂರ ಗಾಳಿಗೂ ಆರ್ತದೆ ಕಣ್ರಪ್ಪ,” ಎಂದು ಸೋಲೂರಿನಲ್ಲಿ ಅವನು ಮೈಕು ಹಿಡಿದು ಕೂಗಿದ್ದ. “ಆಣೆಗೆ ಹೆದರಿ ಗುಂಡಿ ಒತ್ತೋನು ಗಂಡ್ಸೇ ಅಲ್ಲ.” ಆ ವಿಡಿಯೊ ಸುತ್ತಲ ತಾಲ್ಲೂಕುಗಳಲ್ಲೆಲ್ಲ ಓಡಿತ್ತು. ಅವನು ಅಲ್ಲಿ ಕೂಗುತ್ತಿದ್ದಾಗಲೇ ಇಲ್ಲಿ ತಟ್ಟೆ ಅವನ ಬಾಗಿಲಿಗೆ ಬಂದಿತ್ತು. ತಾಯಿ ಅಂಬಮ್ಮ ಕರ್ಪೂರ ಆರಿಸಿದ್ದಳು.

“ಇರೋನು ನೀನೊಬ್ಬ ಮಗ,” ಎಂದು ಆ ರಾತ್ರಿಯೇ ಅವಳು ಅವನ ಮುಂದೆ ಒಪ್ಪಿಕೊಂಡಿದ್ದಳು. “ನಿನ್ ತಲೆ ದೊಡ್ಡದೋ, ಓಟು ದೊಡ್ಡದೋ?”

ಅವ್ವನದು ಗೊತ್ತಾಯಿತು. ಹೆಂಡತಿ ಅನುಷಾಳದು?

ಎಣಿಕೆಯ ದಿನ ಊರಿನ ಬೂತಿನ ಲೆಕ್ಕ ಹೇಳಿದಾಗ ಅವನು “ಒಂದಾ?” ಎಂದು ಎರಡೆರಡು ಸಲ ಕೇಳಿದ್ದ. ಅಂದಿನಿಂದ ಅವಳ ಮುಖವನ್ನು ನೇರವಾಗಿ ನೋಡಿರಲಿಲ್ಲ. ಅವಳ ನಡವಳಿಕೆಯೂ ಅನುಮಾನ ಹುಟ್ಟಿಸುವಂತಿತ್ತು. ಓಟು ಹಾಕಿ ಬಂದ ಮೇಲೆ ಊಟ ಸರಿಯಿಲ್ಲ. ಅವನು ಬೈಕು ಹತ್ತಿದರೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಕೆಮ್ಮಿದರೆ ಬೆಚ್ಚುತ್ತಾಳೆ. ಯಾರಿಗೂ ಹೇಳದೆ ಮಾರಮ್ಮನ ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದಿದ್ದಳು. ತಪ್ಪು ಮಾಡದವಳಿಗೆ ತಪ್ಪುಕಾಣಿಕೆ ಯಾಕೆ? ಬಾಯಿಬಿಟ್ಟು ಕೇಳೋಣವೆಂದರೆ ಅವನಿಗೆ ಧೈರ್ಯ ಬಂದಿರಲಿಲ್ಲ.

ಈಗ ಅವಳೂ ಅದೇ ಸಾಲಿನಲ್ಲಿದ್ದಳು, ಕ್ಯಾನು ಕಾಲ ಬಳಿ ಇಟ್ಟುಕೊಂಡು, ತಲೆ ತಗ್ಗಿಸಿ.

“ಏನ್ ಗುರು, ಇವ್ರು ಹೇಳ್ತಿರೋದು ದಿಟಾನಾ?” ಶೋಯೆಬ್ ಮೆಲ್ಲಗೆ ಕೇಳಿದ. ಹುಡುಗರು ಕಿವಿ ಕೊಟ್ಟರು.

ಚಿಕ್ಕರಾಜು ಎದೆ ಸೆಟೆಸಿದ. “ದಿಟ ಕಣ್ಲಾ. ನರಸಯ್ಯಣ್ಣ ಸರಿಯಾಗೇ ಹೇಳವ್ನೆ. ನನ್ ಮನೆಯೋರೇ ಕರ್ಪೂರಕ್ಕೆ ಹೆದರ್ಕೊಂಡ್ರು. ನಾನ್ ಹೆದರ್ನಿಲ್ಲ. ಊರಿಗೆ ಊರೇ ಬಗ್ಗಿದ್ರೂ ಒಬ್ಬ ನೆಟ್ಟಗೆ ನಿಂತಿದ್ದ ಅಂತ ಆ ಒಂದು ಓಟು ಹೇಳ್ತದೆ.”

ಹುಡುಗರಲ್ಲಿ ಒಬ್ಬ ಸಿಳ್ಳೆ ಹೊಡೆದ. ಶೋಯೆಬ್ ಅವನ ಹೆಗಲ ಮೇಲೆ ಕೈ ಹಾಕಿದ. ನರಸಯ್ಯನ ನಗು ಅರ್ಧಕ್ಕೇ ಒಣಗಿತು. ಸಾಲಿನವರ ಕಣ್ಣೆಲ್ಲ ಅನುಷಾಳ ಮೇಲೆ ಬಿತ್ತು.

ಅವಳು ತಲೆ ಎತ್ತಿದಳು.

“ಆ ಓಟು ನಂದು.”

ಹಾಲು ಅಳೆಯುತ್ತಿದ್ದ ನರಸಯ್ಯನ ಕೈ ನಿಂತಿತು.

“ಅತ್ತೆ ಆಣೆ ಮಾಡಿದ್ದು ನಿಮ್ ತಲೆ ಮೇಲೆ,” ಎಂದಳು ಅವಳು, ಗಂಡನನ್ನು ನೋಡುತ್ತ. ದನಿ ಏರಿರಲಿಲ್ಲ. “ಹೆದರ್ಕೊಂಡೇ ಬೂತಿಗೋದೆ. ಆದ್ರೂ ನೀವು ಮೈಕಲ್ಲಿ ಹೇಳಿದ್ನ ನಂಬ್ಕೊಂಡು ನಿಮ್ಗೇ ಒತ್ತಿದೆ. ಆಣೆ ಮುರಿದ್ಬುಟ್ಟೆ, ನಿಮಗೇನಾಯ್ತದೋ ಅಂತ ಅವತ್ತಿಂದ ಒಂದ್ ತುತ್ತು ನೆಟ್ಟಗೆ ಇಳೀನಿಲ್ಲ. ನಂದು ಒಂದು, ನಿಮ್ದು ಒಂದು, ಎರಡು ಬರ್ಬೇಕಿತ್ತಲ್ವಾ? ನಿಮ್ ಓಟು ಯಾರ್ಗೋಯ್ತು?”

ಶೋಯೆಬನ ಕೈ ಹೆಗಲಿನಿಂದ ಜಾರಿತು. ಚಿಕ್ಕರಾಜು ಹುಡುಗರ ಬೈಕುಗಳ ನಡುವೆ ದಾರಿ ಮಾಡಿಕೊಂಡು ನಡೆದುಹೋದ.