ಸಂಜೆಯ ಮಜ್ಜಿಗೆ

ಮೈಗೆ ಒಗ್ಗುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಗೋಧಿ ಬಿಟ್ಟು ಮೂರು ತಿಂಗಳಾಗಿತ್ತು. ಚಪಾತಿ, ರವೆ ಉಪ್ಪಿಟ್ಟು, ಬಿಸ್ಕತ್ತು ಯಾವುದನ್ನೂ ಭಾರ್ಗವಿ ಮುಟ್ಟುತ್ತಿರಲಿಲ್ಲ. ಆದರೂ ಹೊಟ್ಟೆಯುಬ್ಬರ ಇಳಿಯಲಿಲ್ಲ, ಮನಸ್ಸಿಗೆ ಕವಿದ ಮಂಕೂ ಹರಿಯಲಿಲ್ಲ. ಅಳುವೂ ಬರುತ್ತಿರಲಿಲ್ಲ, ನಗುವೂ ಬರುತ್ತಿರಲಿಲ್ಲ.

"ನಿಮಗೇ ಗೊತ್ತಿಲ್ಲದ ಹಾಗೆ ಎಲ್ಲೋ ಗೋಧಿ ಹೊಟ್ಟೆಗೆ ಹೋಗ್ತಿದೆ. ಮನೇಲಿರೋ ಒಂದೊಂದು ಡಬ್ಬಿನೂ ಓದಿ ನೋಡಿ," ಎಂದಿದ್ದರು ಡಾಕ್ಟರು.

ಆ ಸಂಜೆ ಅಡುಗೆಮನೆಯಲ್ಲಿ ಡಬ್ಬಿಗಳನ್ನು ತಿರುಗಿಸಿ ನೋಡುತ್ತ ಬಂದವಳು ಇಂಗಿನ ಡಬ್ಬಿ ಹಿಡಿದು ನಿಂತುಬಿಟ್ಟಳು. ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಗೋಧಿ ಹಿಟ್ಟು.

ಅಷ್ಟರಲ್ಲಿ ಅತ್ತೆ ಬಂದು, ಅವಳ ಕೈಯಿಂದಲೇ ಡಬ್ಬಿ ತೆಗೆದುಕೊಂಡು, ಮಜ್ಜಿಗೆಗೆ ಒಂದು ಚಿಟಿಕೆ ಇಂಗು ಉದುರಿಸಿದರು. ಮಗ ತಾನೇ ಮೆಚ್ಚಿ ತಂದ ಸೊಸೆಯೆಂದು ಒಂಬತ್ತು ವರ್ಷ ಅವಳನ್ನು ಹೆಸರು ಹಿಡಿದು ಕರೆಯದ ಅತ್ತೆ. ಅವಳ ಹೊಟ್ಟೆ ಕೆಟ್ಟಿದೆಯೆಂದು ತಿಳಿದ ದಿನದಿಂದ ಮಾತ್ರ ಸಂಜೆ ತಪ್ಪದೆ ಇಂಗಿನ ಮಜ್ಜಿಗೆ ಕೊಟ್ಟು, ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ಕೂರುತ್ತಿದ್ದರು.

"ಏನೇ ಅದು, ಅಷ್ಟೊತ್ತಿಂದ ಓದ್ತಿದ್ದೆ?"

"ಏನಿಲ್ಲ ಅತ್ತೆ. ತಾರೀಖು ನೋಡ್ತಿದ್ದೆ."

"ತಗೋ ಭಾರ್ಗವಿ, ಕುಡಿ. ಹೇಗಿದೆ ಇವತ್ತು ಹೊಟ್ಟೆ?" ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟರು.

ಭಾರ್ಗವಿ ಲೋಟದ ತಳ ಕಾಣುವವರೆಗೆ ಕುಡಿದಳು.

"ಇನ್ನೂ ಹಾಗೇ ಇದೆ ಅತ್ತೆ. ನಾಳೆ ಇಂಗು ಒಂಚೂರು ಜಾಸ್ತಿನೇ ಹಾಕಿ."