ಟೀವಿಯೊಳಗಿನ ದ್ಯಾಮವ್ವ

ಧಾರಾವಾಹಿಯ ಪಾತ್ರಗಳಿಗೆ ನೋಡುವವರ ಮುಖವನ್ನೇ ಹಚ್ಚುವ ಟೀವಿ ಊರಿಗೆ ಬಂದು ಎರಡು ವರ್ಷವಾಗಿತ್ತು. ದ್ಯಾಮವ್ವನ ಮನೆಯಿಂದ ಕೇಬಲ್‌ನವನಿಗೆ ಕೊಟ್ಟದ್ದು ಮದುವೆಯ ಫೋಟೋ. ಹಾಗಾಗಿ ದಿನಾ ಸಂಜೆ ತೆರೆಯ ಮೇಲೆ ಇಪ್ಪತ್ತರ ದ್ಯಾಮವ್ವ ರೇಷ್ಮೆ ಸೀರೆಯುಟ್ಟು ಗಂಡನಿಗೆ ಚಹಾ ತರುತ್ತಿದ್ದಳು. ಐವತ್ತರ ದ್ಯಾಮವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತ ಅವಳನ್ನು ಕಂಡು ಉರಿಯುತ್ತಿದ್ದಳು.

"ಹೆಂಗ ಮೆಲ್ಲಕ ಮಾತಾಡ್ತಾಳ ನೋಡು, ನೀನೂ ಕಲಿ," ಅಂದ ಗಂಡ ಫಕೀರಪ್ಪ.

"ರೊಟ್ಟೀನೂ ಆಕೀನ ಬಡೀಲಿ, ಕರೀರಿ," ಅಂದಳು ದ್ಯಾಮವ್ವ.

ಮರುದಿನವೇ ಕೇಬಲ್ ಆಫೀಸಿಗೆ ಹೋಗಿ, ಮೊಮ್ಮಗಳ ತೊಟ್ಟಿಲ ಕಾರ್ಯದಲ್ಲಿ ಗಂಡ ಹೆಂಡತಿ ಕೂತು ತೆಗೆಸಿದ ಹೊಸ ಫೋಟೋ ಕೊಟ್ಟು ಬಂದಳು. ಆ ಹುಡುಗಿಯ ಕಾಟ ಮುಗಿಯಿತೆಂದು ಸಂಜೆ ಮೊದಲ ಸಲ ಗಂಡನ ಪಕ್ಕ ಕೂತಳು.

ತೆರೆಯ ಮೇಲೆ ಫಕೀರಪ್ಪ ಬಂದ. ಬೋಳುತಲೆ, ಬಿಳಿ ಮೀಸೆ, ಡೊಳ್ಳು ಹೊಟ್ಟೆ. ಆದರೂ ಅವನೇ ಹೀರೋ. ಚಹಾ ತಂದವಳು ಮಾತ್ರ ಯಾರೋ ಇಪ್ಪತ್ತರ ಹೊಸ ಹುಡುಗಿ. ಫಕೀರಪ್ಪ ಅವಳ ಕೈಹಿಡಿದು ಒಳಗೆ ಕರೆದೊಯ್ದ. ಅಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದ ದ್ಯಾಮವ್ವನ ಕಾಲಿಗೆ ಬಿದ್ದು, "ಅವ್ವಾ, ನಿನ್ನ ಸೊಸೀಗೆ ಆಶೀರ್ವಾದ ಮಾಡು," ಅಂದ.

ಪಕ್ಕದಲ್ಲಿ ಕೂತ ಫಕೀರಪ್ಪ ಹುಡುಗಿಯಿಂದ ಕಣ್ಣು ಕೀಳದೆ ರಿಮೋಟು ತಡಕಾಡಿ, ಸೌಂಡು ಜೋರು ಮಾಡಿದ.